ಕ್ಲಿಕ್ ಮೊದಲು, ಕೈ ಆಮೇಲೆ: ಮನೆ ನಾಯಿಗೆ ಕ್ಲಿಕ್ಕರ್ ಟ್ರೇನಿಂಗ್

ಕ್ಲಿಕ್ಕರ್ ಅಂದ್ರೆ ಏನೂ ದೊಡ್ಡ ಯಂತ್ರ ಅಲ್ಲ, ಅಂಗೈಯಲ್ಲಿ ಮುಚ್ಚಿಟ್ಕೊಳ್ಳೋ ಅಷ್ಟು ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ತಗಡಿನ ಪಟ್ಟಿ, ಒತ್ತಿದ್ರೆ ಟಿಕ್-ಟಕ್ ಅನ್ನುತ್ತೆ, ಅಷ್ಟೇ. ಪೆಟ್ ಶಾಪಲ್ಲೂ ಸಿಗುತ್ತೆ, ಆನ್‌ಲೈನಲ್ಲೂ ಸಿಗುತ್ತೆ, ಜಾಸ್ತಿ ದುಡ್ಡೇನಿಲ್ಲ. ತಗೊಂಡು ಬಂದು ನಾಲ್ಕು ದಿನ ಟಿಕ್ ಟಿಕ್ ಅನ್ನಿಸಿ "ನಮ್ ನಾಯಿಗೆ ಇದೆಲ್ಲ ವರ್ಕ್ ಆಗಲ್ಲಪ್ಪ" ಅಂತ ಡ್ರಾಯರ್‌ಗೆ ಎಸೆಯೋರೇ ಜಾಸ್ತಿ. ಯಾಕೆ ವರ್ಕ್ ಆಗಲ್ಲ ಅಂದ್ರೆ ಹೆಚ್ಚಿನ ಮನೆಗಳಲ್ಲಿ ಅದನ್ನ ನಾಯಿ ಕರೆಯೋ ಬೆಲ್ ಥರ ಬಳಸ್ತಾರೆ, ಇಲ್ಲಾಂದ್ರೆ ಬೊಗಳೋದು ನಿಲ್ಲಿಸೋಕೆ ಒತ್ತುತ್ತಾರೆ, ಅದು ಎರಡೂ ಅದರ ಕೆಲಸ ಅಲ್ಲ.

ಅದರ ಕೆಲಸ ಒಂದೇ. ನಾಯಿ ನಮಗೆ ಬೇಕಾದ್ದನ್ನ ಮಾಡಿದ ಆ ಕ್ಷಣಾನೇ "ಇದೇ, ಇದಕ್ಕೇ ನಿಂಗೆ ತಿಂಡಿ" ಅಂತ ಹೇಳೋದು. ಕಬಡ್ಡಿ ರೆಫರಿ ಸೀಟಿ ಇದ್ದಂಗೆ, ಕಾಲು ಗೆರೆ ಮುಟ್ಟಿದ ಗಳಿಗೆಗೇ ಊದಬೇಕು, ಎರಡು ಸೆಕೆಂಡ್ ಆದ್ಮೇಲೆ ಊದಿದ್ರೆ ಯಾವ ಆಟಗಾರನಿಗೆ ಅಂತ ಯಾರಿಗೂ ಗೊತ್ತಾಗಲ್ಲ.

ಬಾಯಲ್ಲೇ "ಗುಡ್ ಬಾಯ್" ಅಂದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗುತ್ತೆ, ಆದ್ರೆ ನಮ್ಮ ಬಾಯಿ ಬೆಳಗಿಂದ ಸಂಜೆವರೆಗೂ ಓಡ್ತಾನೇ ಇರುತ್ತೆ, ಫೋನಲ್ಲಿ ಮಾತು, ಮಕ್ಕಳ ಮೇಲೆ ಕೂಗಾಟ, ಹಾಲಿನವರ ಜೊತೆ ಲೆಕ್ಕ, ಇಷ್ಟರ ಮಧ್ಯೆ ಯಾವ ಮಾತು ತನಗೆ ಅಂತ ನಾಯಿ ಹೆಂಗೆ ಹುಡುಕುತ್ತೆ? ಮತ್ತೆ ಸಿಟ್ಟಲ್ಲಿದ್ದಾಗ ಅನ್ನೋ "ಗುಡ್ ಬಾಯ್" ಬೇರೆ, ಖುಷಿಯಲ್ಲಿದ್ದಾಗ ಅನ್ನೋದು ಬೇರೆ. ಕ್ಲಿಕ್ ಯಾವಾಗಲೂ ಒಂದೇ ಥರ, ಚಿಕ್ಕದು, ಬೇರೆ ಯಾವ ಸದ್ದಿಗೂ ಹೋಲಲ್ಲ, ಅಪ್ಪ ಒತ್ತಿದ್ರೂ ಅಜ್ಜಿ ಒತ್ತಿದ್ರೂ ಅದೇ ಸದ್ದು.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಕೂಡ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಹುಟ್ಟಿದ್ದು, ಅವರ ಶಿಷ್ಯರಾದ ಕೆಲ್ಲರ್ ಮತ್ತೆ ಮೇರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲೇ ಇದನ್ನ ಲ್ಯಾಬಿಂದ ಹೊರಗೆ ತಂದು ಕೋಳಿ, ಹಂದಿ, ನಾಯಿ ಎಲ್ಲಕ್ಕೂ ಕಲಿಸಿದ್ರು. ಆಮೇಲೆ ಕರೆನ್ ಪ್ರೈಯರ್ ಅಂತ ಒಬ್ರು 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಸೀಟಿ ಊದಿ ಕಲಿಸ್ತಿದ್ರು. ನೀರಲ್ಲಿರೋ ಡಾಲ್ಫಿನ್‌ಗೆ ಬೆಲ್ಟ್ ಹಾಕಿ ಎಳೆಯೋಕಾಗಲ್ಲ, ಹೊಡೆಯೋಕಾಗಲ್ಲ, ಬೇಜಾರಾದ್ರೆ ಈಜ್ಕೊಂಡು ಆಚೆ ಹೋಗುತ್ತೆ, ಹಂಗಾಗಿ ಸದ್ದು ಮತ್ತೆ ಮೀನು ಬಿಟ್ಟು ಬೇರೆ ದಾರಿನೇ ಇರ್ಲಿಲ್ಲ. 1990ರ ದಶಕದಲ್ಲಿ ಅದೇ ಪದ್ಧತಿ ಕ್ಲಿಕ್ಕರ್ ರೂಪದಲ್ಲಿ ಮನೆ ನಾಯಿಗಳಿಗೆ ಬಂತು.

ಮೊದಲು ತಿಂಡಿ ವಿಷಯ

ತಿಂಡಿ ಕಡಲೆಕಾಳಿನಷ್ಟಿರಬೇಕು, ಚಿಕ್ಕ ನಾಯಿ ಆದ್ರೆ ಅದರಲ್ಲೂ ಅರ್ಧ. ಮೆತ್ತಗಿರಬೇಕು, ಗುಳಕ್ ಅಂತ ನುಂಗೋ ಹಂಗಿರಬೇಕು. ನಮ್ಮಲ್ಲಿ ಎಲ್ರೂ ಮಾಡೋದು ಗ್ಲುಕೋಸ್ ಬಿಸ್ಕೆಟ್ ಮುರಿದು ಕೊಡೋದು, ಅದು ಬೇಡ ಅನ್ನೋಕೆ ಸಕ್ಕರೆ ಒಂದೇ ಕಾರಣ ಅಲ್ಲ, ಬಿಸ್ಕೆಟ್ ಪುಡಿ ಆಗುತ್ತೆ, ನಾಯಿ ಪುಡಿ ಹುಡುಕ್ತಾ ನೆಲ ನೆಕ್ತಾ ಕೂರುತ್ತೆ, ಪಾಠ ಅಲ್ಲಿಗೆ ನಿಂತ್ಹೋಗುತ್ತೆ. ಉಪ್ಪು ಖಾರ ಇಲ್ಲದೆ ಬೇಯಿಸಿದ ಚಿಕನ್ ಆದ್ರೆ ಬೆಸ್ಟು. ಮನೇಲಿ ನಾನ್‌ವೆಜ್ ಮಾಡಲ್ಲ ಅಂದ್ರೆ ಪನೀರ್ ಚೂರು, ಬೇಯಿಸಿದ ಗೆಣಸು, ಬೀಜ ತೆಗೆದ ಸೇಬು, ಕ್ಯಾರೆಟ್, ಸೌತೆಕಾಯಿ ಇವೆಲ್ಲ ನಡೆಯುತ್ತೆ, ಪನೀರ್ ಕೆಲವು ನಾಯಿಗೆ ಹೊಟ್ಟೆ ಕೆಡಿಸುತ್ತೆ, ಮೊದಲು ಸ್ವಲ್ಪ ಕೊಟ್ಟು ನೋಡಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವತ್ತೂ ಬೇಡ, ನಾಯಿಗೆ ವಿಷ ಅವು. ಹಬ್ಬದ ದಿನ ಪಾಯಸದಲ್ಲಿರೋ ಒಣದ್ರಾಕ್ಷಿ ಒಂದೆರಡು ತಾನೇ ಅಂತ ಕೊಡೋ ಅಜ್ಜಿಯರಿಗೆ ಇದನ್ನ ಖಂಡಿತ ಹೇಳಿಡಿ. ಟ್ರೇನಿಂಗ್ ತಿಂಡಿ ದಿನದ ಊಟದಲ್ಲಿ ಹತ್ತನೇ ಒಂದು ಭಾಗ ಮೀರಬಾರದು ಅಂತ ಡಾಕ್ಟರ್‌ಗಳು ಹೇಳ್ತಾರೆ, ಅದಕ್ಕಿಂತ ಸುಲಭದ ದಾರಿ ಅಂದ್ರೆ ರಾತ್ರಿ ಬಟ್ಟಲಿಗೆ ಹಾಕೋದ್ರಲ್ಲೇ ಒಂದು ಮುಷ್ಟಿ ತೆಗೆದಿಟ್ಟು ಅದರಲ್ಲೇ ಕಲಿಸೋದು.

ಹೊಟ್ಟೆ ತುಂಬಿದ ನಾಯಿಗೆ ಪಾಠ ಬೇಡ, ಹಂಗಂತ ಉಪವಾಸ ಕೆಡವೋದೂ ಬೇಡ, ಊಟಕ್ಕೆ ಸ್ವಲ್ಪ ಮುಂಚೆ ಒಳ್ಳೆ ಹೊತ್ತು.

ನಾಯಿ ಇಲ್ಲದೆ ಪ್ರಾಕ್ಟೀಸ್

ಇದನ್ನ ಯಾರೂ ಮಾಡಲ್ಲ, ಆದ್ರೆ ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ನಾಯಿಗೆ ಕೇಳಿಸದ ಕಡೆ, ಬಾಗಿಲು ಹಾಕ್ಕೊಂಡು ಕೂತು ಒಂದು ಚೆಂಡು ಮೇಲಕ್ಕೆಸೆದು ಅದು ನೆಲ ಮುಟ್ಟಿದ ಕ್ಷಣಕ್ಕೆ ಕ್ಲಿಕ್ ಮಾಡಿ. ಮೊದಮೊದಲು ಲೇಟಾಗುತ್ತೆ, ಆಮೇಲೆ ಚೆಂಡು ಬರೋ ಮುಂಚೆನೇ ಬೆರಳು ರೆಡಿ ಆಗಿರುತ್ತೆ. ಚೆಂಡು ಬೋರ್ ಆದ್ರೆ ಟಿವಿ ಹಾಕಿ ಡಿಬೇಟ್ ಆಂಕರ್ ಟೇಬಲ್ ಕುಟ್ಟಿದಾಗೆಲ್ಲ ಕ್ಲಿಕ್ ಮಾಡಿ, ಪ್ರಾಕ್ಟೀಸ್‌ಗೇನೂ ಬರ ಬರಲ್ಲ.

ಎರಡನೇ ಪ್ರಾಕ್ಟೀಸ್ ಕೈದು. ಕ್ಲಿಕ್ ಆಗೋವರೆಗೂ ತಿಂಡಿ ಕೊಡೋ ಕೈ ಅಲ್ಲಾಡಬಾರದು. ಸುಮ್ನೆ ಪಕ್ಕದಲ್ಲಿರಬೇಕು ಇಲ್ಲಾ ಬೆನ್ನ ಹಿಂದೆ ಇರಬೇಕು. ಕ್ಲಿಕ್, ಆಮೇಲೆ ಕೈ ಸೊಂಟದ ತಿಂಡಿ ಪೌಚಿಗೆ, ಆಮೇಲೆ ನಾಯಿ ಬಾಯಿಗೆ. ಎಲ್ಲರೂ ಏನು ಮಾಡ್ತಾರೆ ಅಂದ್ರೆ ಕ್ಲಿಕ್ ಮಾಡೋಕೆ ಮುಂಚೆನೇ ಕೈ ಜೇಬಿಗೆ ಹೋಗಿರುತ್ತೆ, ನಾಯಿ ಸದ್ದು ಕೇಳೋದೇ ಇಲ್ಲ, ಕೈನೇ ನೋಡ್ತಾ ಕೂರುತ್ತೆ, ಯಾಕಂದ್ರೆ ಕೈ ಅಲ್ಲಾಡಿತು ಅಂದ್ರೆ ತಿಂಡಿ ಬರುತ್ತೆ ಅನ್ನೋದನ್ನ ಅದು ಯಾವಾಗಲೋ ಕಲಿತಾಗಿದೆ. ಆಗ ಕ್ಲಿಕ್ಕರ್ ಬರೀ ಸದ್ದು. "ನಮ್ ನಾಯಿ ತಿಂಡಿ ಕಂಡ್ರೆ ಮಾತ್ರ ಮಾತು ಕೇಳುತ್ತೆ" ಅನ್ನೋ ಕಂಪ್ಲೇಂಟ್‌ನ ಬೇರು ಬಹಳ ಸಲ ಇಲ್ಲೇ ಇರುತ್ತೆ.

ಸದ್ದಿಗೆ ಬೆಲೆ ಕಟ್ಟೋದು

ಈಗ ನಾಯಿ ಕರೀರಿ. ಸದ್ದಿಲ್ಲದ ರೂಮು, ಫ್ಯಾನ್ ಇದ್ರೆ ಪರವಾಗಿಲ್ಲ. ಕ್ಲಿಕ್, ತಿಂಡಿ. ಒಂದೆರಡು ಸೆಕೆಂಡ್ ಬಿಟ್ಟು ಮತ್ತೆ ಕ್ಲಿಕ್, ತಿಂಡಿ. ಹತ್ತು ಹದಿನೈದು ಸಲ ಸಾಕು. ನಾಯಿ ಏನೂ ಮಾಡೋ ಅಗತ್ಯ ಇಲ್ಲ, ನಿಂತಿರಲಿ ಕೂತಿರಲಿ, ನೀವೂ ಏನೂ ಮಾತಾಡಬೇಡಿ. ಆಮೇಲೆ ಅದು ಬೇರೆ ಕಡೆ ನೋಡ್ತಿರುವಾಗ ಒಂದ್ಸಲ ಕ್ಲಿಕ್ ಮಾಡಿ, ಸರಕ್ ಅಂತ ತಲೆ ತಿರುಗಿಸಿ "ಎಲ್ಲಿ ನಂದು" ಅಂತ ನೋಡ್ತು ಅಂದ್ರೆ ಅರ್ಥ ಆಯ್ತು ಅಂತ.

ಕಿವಿ ಹತ್ರ ಮಾತ್ರ ಕ್ಲಿಕ್ ಮಾಡ್ಬೇಡಿ. ಕೆಲವು ನಾಯಿ ಈ ಸದ್ದಿಗೇ ಬೆಚ್ಚಿ ಬೀಳುತ್ತೆ, ಅದರಲ್ಲೂ ದೀಪಾವಳಿ ಪಟಾಕಿಗೆ ಮಂಚದ ಕೆಳಗೆ ಸೇರೋ ಜಾತಿಯವು, ರಸ್ತೆಯಿಂದ ತಂದ ಮರಿಗಳು. ಅಂಥವಕ್ಕೆ ಕ್ಲಿಕ್ಕರ್‌ನ ಜೇಬೊಳಗೆ ಇಟ್ಟು ಒತ್ತಿ, ಇಲ್ಲಾ ಟವೆಲ್ ಸುತ್ತಿ, ಅದಕ್ಕೂ ಹೆದರಿದ್ರೆ ಒತ್ತೋ ಬಾಲ್‌ಪೆನ್ ಸಾಕು, ಟಿಕ್ ಅನ್ನೋ ಮೆಲ್ಲನೆ ಸದ್ದು. ಕಿವಿ ಕೇಳದ ನಾಯಿಗೆ ಹೆಬ್ಬೆರಳು ಎತ್ತಿ ತೋರಿಸಿದ್ರೂ ಅದೇ ಕೆಲಸ ಆಗುತ್ತೆ, ಸಂಕೇತ ಒಂದೇ ಇರಬೇಕು, ಅದರ ಹಿಂದೆ ತಿಂಡಿ ಬರಲೇಬೇಕು, ಅಷ್ಟೇ ನಿಯಮ.

ಬರಲೇಬೇಕು ಅಂದ್ರೆ ಬರಲೇಬೇಕು. ತಪ್ಪಿ ಒತ್ತಿದ್ರೂ, ಮಗು ಒತ್ತಿದ್ರೂ, ನಾಯಿ ಎದ್ದು ಹೋಗ್ತಿರುವಾಗ ಬೆರಳು ಜಾರಿದ್ರೂ ಒಂದು ಚೂರು ಕೊಡಿ. ಒಂದು ತಪ್ಪು ಕ್ಲಿಕ್ಕಿಂದ ಏನೂ ಹಾಳಾಗಲ್ಲ, ಸದ್ದಿನ ಮೇಲಿನ ನಂಬಿಕೆ ಹೋದ್ರೆ ಎಲ್ಲಾ ಹೋಯ್ತು. ಒಂದು ಕ್ಲಿಕ್ಕಿಗೆ ಒಂದೇ ತಿಂಡಿ, ಮತ್ತೆ ಖುಷಿಗೆ ಟಕ ಟಕ ಟಕ ಅಂತ ಮೂರ್ನಾಲ್ಕು ಸಲ ಒತ್ತೋದೂ ಬೇಡ.

ಕೂತ್ಕೊ

ಎಲ್ರೂ ಇಲ್ಲಿಂದಲೇ ಶುರು ಮಾಡೋದು, ಸುಲಭ ಕೂಡ. ಮೂರು ದಾರಿ ಇದೆ. ಒಂದು, ಸುಮ್ನೆ ಕಾಯೋದು: ನಾಯಿ ತಾನಾಗೇ ಕೂರುತ್ತೆ, ಹಿಂಭಾಗ ನೆಲ ಮುಟ್ಟಿದ ಕ್ಷಣ ಕ್ಲಿಕ್, ತಿಂಡಿ ಸ್ವಲ್ಪ ದೂರಕ್ಕೆ ಎಸೀರಿ, ಅದು ಎದ್ದು ಹೋಗಿ ತಿಂದು ಬಂದು ಮತ್ತೆ ಕೂರುತ್ತೆ, ಮತ್ತೆ ಕ್ಲಿಕ್. ಎರಡನೇದು, ತಿಂಡಿ ಮೂಗಿನ ಹತ್ರ ಹಿಡಿದು ತಲೆ ಮೇಲಿಂದ ಹಿಂದಕ್ಕೆ ಒಯ್ಯೋದು, ಮೂಗು ಮೇಲೆ ಹೋದಂಗೆ ಹಿಂಭಾಗ ಕೆಳಗೆ ಬರುತ್ತೆ. ಇದು ಬೇಗ ಆಗುತ್ತೆ ಆದ್ರೆ ಮೂರ್ನಾಲ್ಕು ಸಲ ಮಾತ್ರ, ಆಮೇಲೆ ಖಾಲಿ ಕೈಯಲ್ಲೇ ಅದೇ ಸನ್ನೆ ಮಾಡಿ, ತಿಂಡಿ ಇನ್ನೊಂದು ಕೈಯಿಂದ. ಮೂರನೇದು ಚೂರು ಚೂರಾಗಿ ಕಟ್ಟೋದು, ಸ್ವಲ್ಪ ಬಗ್ಗಿದ್ದಕ್ಕೆ ಕ್ಲಿಕ್, ಇನ್ನೂ ಬಗ್ಗಿದ್ದಕ್ಕೆ ಕ್ಲಿಕ್, ಕೂರೋದಕ್ಕೆ ಇಷ್ಟೆಲ್ಲ ಬೇಕಾಗಲ್ಲ.

ಬೆನ್ನ ಮೇಲೆ ಕೈ ಇಟ್ಟು ಒತ್ತಿ ಕೂರಿಸೋದು ಬೇಡ. ಒತ್ತಿಸ್ಕೊಂಡು ಕೂತ ನಾಯಿ ಒತ್ತೋದಕ್ಕೆ ಕಾಯುತ್ತೆ. ಮುಧೋಳ ಥರದ ತೆಳು ಮೈ ಬೇಟೆ ನಾಯಿಗಳಿಗೆ ತಣ್ಣನೆ ಗಟ್ಟಿ ನೆಲದ ಮೇಲೆ ಕೂರೋದು ಅಷ್ಟಕ್ಕಷ್ಟೇ, ಒಂದು ಚಾಪೆ ಹಾಕಿ, ಅಥವಾ ಕೂರೋದು ಬಿಟ್ಟು ನಿಂತೇ ಇರೋದನ್ನ ಕಲಿಸಿ, ಏನೂ ನಷ್ಟ ಇಲ್ಲ.

ಇನ್ನೂ "ಕೂತ್ಕೊ" ಅಂತ ಹೇಳಿಲ್ಲ ಗಮನಿಸಿದ್ರಾ? ಮಾತು ಕೊನೇಲಿ ಬರಬೇಕು. ನಾಯಿ ಪದೇ ಪದೇ ಕೂರ್ತಾ ಇದೆ, ಈಗ ಕೂರುತ್ತೆ ಅಂತ ನಿಮಗೆ ಖಾತ್ರಿ ಆಯ್ತು ಅಂದಾಗ, ಕೂರೋಕೆ ಅರೆಕ್ಷಣ ಮುಂಚೆ "ಕೂತ್ಕೊ" ಅನ್ನಿ, ಒಂದೇ ಸಲ. ಕೂತ್ರೆ ಕ್ಲಿಕ್. ನಾಲ್ಕೈದು ಪಾಠ ಹೀಗೆ ಆದ್ಮೇಲೆ ಹೇಳಿದಾಗ ಕೂತ್ರೆ ಮಾತ್ರ ಕ್ಲಿಕ್, ಹೇಳದೆ ಕೂತ್ರೆ ಇಲ್ಲ. ಮನೆಯವರೆಲ್ಲ ಒಂದೇ ಪದ ಬಳಸಿ, ಮಗಳು ಸಿಟ್ ಅಂದು ತಾತ ಕುಕ್ಕುರು ಅಂದ್ರೆ ನಾಯಿಗೆ ಅವು ಎರಡು ಬೇರೆ ಪಾಠ. ಕನ್ನಡವೋ ಇಂಗ್ಲಿಷೋ ಅದಕ್ಕೇನೂ ಆಗಬೇಕಾಗಿಲ್ಲ. "ಕೂತ್ಕೊ ಕೂತ್ಕೊ ಕೂತ್ಕೋ ಅಂದ್ನಲ್ಲ" ಅಂತ ನಾಲ್ಕು ಸಲ ಹೇಳಿದ್ರೆ ನಾಲ್ಕನೇದಕ್ಕೆ ಕೂರೋದು ಅಂತ ಕಲಿಯುತ್ತೆ.

ಪಾಠ ಮೂರು ನಿಮಿಷ, ಜಾಸ್ತಿ ಅಂದ್ರೆ ಐದು. ದಿನಕ್ಕೆ ಎರಡು ಮೂರು ಸಲ, ಅನ್ನ ಬೇಯೋವಾಗ, ಸೀರಿಯಲ್ ಬ್ರೇಕಲ್ಲಿ. ಭಾನುವಾರ ಒಂದು ಗಂಟೆ ಕೂರಿಸಿ ಕಲಿಸ್ತೀನಿ ಅನ್ನೋದು ಇಬ್ಬರಿಗೂ ಶಿಕ್ಷೆ. ಐದು ಸಲದಲ್ಲಿ ನಾಲ್ಕು ಸಲ ಸರಿಯಾಗಿ ಮಾಡ್ತಿದ್ರೆ ಸ್ವಲ್ಪ ಕಷ್ಟ ಮಾಡಿ, ಸತತ ಎರಡು ಮೂರು ಸಲ ತಪ್ಪಿದ್ರೆ ನೀವು ಜಾಸ್ತಿ ಕೇಳಿದ್ದೀರಿ ಅಂತ, ಒಂದು ಮೆಟ್ಟಿಲು ಇಳೀರಿ. ರೂಮಲ್ಲಿ ಕೂತ ನಾಯಿ ಗೇಟ್ ಹತ್ರ ಕೂರಲ್ಲ, ಅದು ಹಠ ಅಲ್ಲ, ಗೇಟ್ ಹತ್ರ ಹಸು, ಸ್ಕೂಟರ್, ಪಕ್ಕದ ಬೀದಿ ನಾಯಿ ಎಲ್ಲಾ ಇವೆ. ಜಾಗ ಬದಲಾದಾಗ ಮೊದಲಿಂದ ಶುರು, ಈ ಸಲ ಬೇಗ ಆಗುತ್ತೆ.

ಕಾಲಿಂಗ್ ಬೆಲ್

ನಿಜವಾಗಿ ಕ್ಲಿಕ್ಕರ್ ಬೆಲೆ ಗೊತ್ತಾಗೋದು ಇಲ್ಲಿ. ಅಪಾರ್ಟ್‌ಮೆಂಟಲ್ಲಿ ದಿನಕ್ಕೆ ಎಷ್ಟು ಸಲ ಬೆಲ್ ಆಗುತ್ತೆ, ಡೆಲಿವರಿ, ಕಸದವರು, ಪಕ್ಕದ ಮನೆ ಮಗು, ಪ್ರತಿ ಸಲ ನಾಯಿ ಬಾಗಿಲಿಗೆ ನುಗ್ಗಿ ಬೊಗಳಿ ಬಂದೋರ ಮೈಮೇಲೆ ಹಾರುತ್ತೆ, ನಾವು "ಏಯ್ ಬೇಡ, ಇಳಿ, ಇಳಿಯೋ" ಅಂತ ಕೂಗ್ತಾ ಎದೆ ಹಿಡಿದು ತಳ್ತೀವಿ. ನಾಯಿ ಲೆಕ್ಕದಲ್ಲಿ ಇದು ಬೈಗುಳ ಅಲ್ಲ. ಹಾರಿದ ತಕ್ಷಣ ಮನೆಯವರೆಲ್ಲ ಎದ್ದು ಬಂದ್ರು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ರು, ಮುಟ್ಟಿದ್ರು, ಬಂದೋರೂ "ಅಯ್ಯೋ" ಅಂತ ಕುಣಿದ್ರು, ಇದಕ್ಕಿಂತ ಒಳ್ಳೆ ಸಂಬಳ ಇನ್ನೇನು ಬೇಕು? ಹಾರಬೇಡ ಅನ್ನೋದನ್ನ ನಾಯಿಗೆ ಕಲಿಸೋಕೇ ಆಗಲ್ಲ, ಹಾರೋ ಬದಲು ಏನು ಮಾಡ್ಬೇಕು ಅನ್ನೋದನ್ನ ಕಲಿಸಬಹುದು.

ಬಾಗಿಲಿಂದ ಆರೇಳು ಅಡಿ ದೂರ ಒಂದು ಚಾಪೆ ಹಾಕಿ, ಬಾಗಿಲು ಕಾಣ್ತಿರಬೇಕು ಆದ್ರೆ ದಾರಿಗಡ್ಡ ಇರಬಾರದು. ಮೊದಲ ದಿನ ಬೆಲ್ ವಿಷಯನೇ ಬೇಡ. ನಾಯಿ ಚಾಪೆ ಕಡೆ ನೋಡಿದ್ರೆ ಕ್ಲಿಕ್, ತಿಂಡಿ ಚಾಪೆ ಮೇಲೇ ಇಡಿ. ಒಂದು ಕಾಲಿಟ್ರೆ ಕ್ಲಿಕ್. ನಾಲ್ಕೂ ಕಾಲಿಟ್ರೆ ಕ್ಲಿಕ್. ಕೂತ್ರೆ, ಮಲಗಿದ್ರೆ ಕ್ಲಿಕ್. ತಿಂಡಿ ಯಾವಾಗಲೂ ಚಾಪೆ ಮೇಲೆ ಸಿಗಬೇಕು, ನಿಮ್ಮ ಕೈಗೆ ಬಂದು ಇಸ್ಕೊಳ್ಳೋದಲ್ಲ, ಎಲ್ಲಿ ತಿಂಡಿ ಸಿಗುತ್ತೋ ಅಲ್ಲೇ ನಾಯಿ ಬೀಡುಬಿಡುತ್ತೆ. ಕೆಲವು ದಿನದಲ್ಲಿ ಚಾಪೆ ಹಾಸಿದ ಕೂಡಲೇ ಬಂದು ಬಿದ್ಕೊಳ್ಳೋ ಹಂತಕ್ಕೆ ಬರುತ್ತೆ. ಆಗ ಹೊತ್ತು ಉದ್ದ ಮಾಡಿ, ಎರಡು ಸೆಕೆಂಡ್, ಐದು, ಮತ್ತೆ ಮೂರು, ಆಮೇಲೆ ಹತ್ತು, ಏರಿಸ್ತಾನೇ ಹೋದ್ರೆ ನಾಯಿ ಬೇಸತ್ತು ಎದ್ದು ಹೋಗುತ್ತೆ, ಅದಕ್ಕೆ ಮಧ್ಯ ಮಧ್ಯ ಸುಲಭದ್ದು ಇರಲಿ. ಆಮೇಲೆ ನೀವು ಬಾಗಿಲ ಕಡೆ ಒಂದು ಹೆಜ್ಜೆ ಹಾಕಿ, ನಾಯಿ ಏಳಲಿಲ್ಲ ಅಂದ್ರೆ ಕ್ಲಿಕ್, ವಾಪಸ್ ಬಂದು ಚಾಪೆ ಮೇಲೆ ತಿಂಡಿ. ಚಿಲಕ ಮುಟ್ಟಿ, ಕ್ಲಿಕ್. ಬಾಗಿಲು ಅರ್ಧ ತೆಗೀರಿ, ಕ್ಲಿಕ್.

ಬೆಲ್ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ತೀರಾ ಕಮ್ಮಿ ವಾಲ್ಯೂಮಲ್ಲಿ ಹಾಕಿ, ಕಿವಿ ನಿಮಿರಿಸಿ ಚಾಪೆ ಮೇಲೇ ಇದ್ರೆ ಕ್ಲಿಕ್. ಎದ್ದು ಓಡಿದ್ರೆ ವಾಲ್ಯೂಮ್ ಜಾಸ್ತಿ ಆಯ್ತು ಅಂತ, ಬೈಬೇಡಿ, ಕಮ್ಮಿ ಮಾಡಿ. ಆಮೇಲೆ ಮನೆಯವರೊಬ್ಬರನ್ನ ಹೊರಗೆ ನಿಲ್ಲಿಸಿ ನಿಜವಾದ ಬೆಲ್ ಒತ್ತಿಸಿ. ಕೊನೆಗೆ ಬೆಲ್ಲೇ ಸೂಚನೆ ಆಗುತ್ತೆ, ಬೆಲ್ ಆಯ್ತು ಅಂದ್ರೆ ಚಾಪೆಗೆ ಓಡೋದು. ಇಷ್ಟೆಲ್ಲ ಆಗೋಕೆ ವಾರಗಟ್ಟಲೆ ಬೇಕು, ಅಲ್ಲಿಯವರೆಗೂ ನಿಜವಾದ ಅತಿಥಿಗಳು ಬಂದಾಗ ನಾಯಿನ ಒಳಗಿನ ರೂಮಲ್ಲಿಡಿ ಇಲ್ಲಾ ಹಗ್ಗ ಹಾಕಿ ಹಿಡ್ಕೊಳ್ಳಿ, ಯಾಕಂದ್ರೆ ಒಂದು ಕಡೆ ಚಾಪೆ ಪಾಠ ನಡೀತಿರುವಾಗ ಇನ್ನೊಂದು ಕಡೆ ಹಾರಿ ಸಂಬಳ ತಗೊಳ್ತಾ ಇದ್ರೆ ಯಾವುದು ಗೆಲ್ಲುತ್ತೆ ನೀವೇ ಹೇಳಿ.

"ಬಾ" ಅಂದ್ರೆ ಬರೋದು

ಅಂಗೈ ತೋರಿಸಿ, ನಾಯಿ ಮೂಸೋಕೆ ಬಂದು ಮೂಗು ತಾಗಿಸಿದ್ರೆ ಕ್ಲಿಕ್. ಇದು ಬರೀ ಮೂಗು ಮುಟ್ಟಿಸೋ ಆಟ ಅನ್ಸುತ್ತೆ, ಆದ್ರೆ ಕೈ ದೂರ ದೂರ ಹಿಡಿತಾ ಹೋದ್ರೆ ಅದೇ "ಬಾ" ಆಗುತ್ತೆ, ಲಿಫ್ಟಲ್ಲಿ ಬೇರೆ ನಾಯಿ ಬಂದಾಗ ತಲೆ ನಿಮ್ಮ ಕಡೆ ತಿರುಗಿಸೋಕೂ ಆಗುತ್ತೆ. ಒಂದೇ ಎಚ್ಚರಿಕೆ, "ಬಾ" ಅಂತ ಕರೆದು ಸ್ನಾನಕ್ಕೆ ಎಳ್ಕೊಂಡು ಹೋಗೋದು, ಆಟದ ಮಧ್ಯ ಕರೆದು ಸರಪಳಿ ಹಾಕೋದು ಮಾಡ್ತಾ ಇದ್ರೆ ಆ ಪದ ಸತ್ತುಹೋಗುತ್ತೆ. ಸ್ನಾನಕ್ಕೆ ನೀವೇ ಹೋಗಿ ಕರ್ಕೊಂಡು ಬನ್ನಿ. ಮತ್ತೆ ಮುಧೋಳ ಸಾಕಿದೋರಿಗೆ: ಅದು ಕಣ್ಣಲ್ಲಿ ಬೇಟೆ ಹಿಡಿಯೋ ನಾಯಿ, ಮೊಲನೋ ಬೆಕ್ಕೋ ಓಡಿದ್ದು ಕಂಡ್ರೆ ನಿಮ್ಮ ಕ್ಲಿಕ್ಕು ಪನೀರು ಎರಡೂ ಅದಕ್ಕೆ ನೆನಪಿರಲ್ಲ, ಬೇಲಿ ಇಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ, ಎಷ್ಟೇ ಟ್ರೇನಿಂಗ್ ಆಗಿದ್ರೂ ಅಷ್ಟೇ.

ಹಗ್ಗ ಎಳೆಯೋ ನಾಯಿಗೆ ಹೊಸದೇನೂ ಬೇಡ, ಹಗ್ಗ ಸಡಿಲ ಆದ ಕ್ಷಣಕ್ಕೆ ಕ್ಲಿಕ್, ತಿಂಡಿ ನಿಮ್ಮ ತೊಡೆ ಪಕ್ಕದಲ್ಲಿ. ಎಳೆದ್ರೆ ಮರದಂಗೆ ನಿಂತ್ಬಿಡಿ. ಮೊದಲ ವಾರ ಗೇಟಿಂದ ಮುಂದಿನ ಕರೆಂಟ್ ಕಂಬದವರೆಗೂ ಹೋಗಿರಲ್ಲ, ಅದಕ್ಕೆ ರೆಡಿ ಇರಿ.

ಉಗುರು

ಉಗುರು ಕತ್ತರಿಸೋಕೆ ನಾಲ್ಕು ಜನ ಹಿಡ್ಕೊಳ್ಳೋ ಮನೆಗಳಿಗೆ ಇದು. ಕಟರ್ ನೆಲದ ಮೇಲಿಡಿ, ನಾಯಿ ನೋಡಿದ್ರೆ ಕ್ಲಿಕ್. ಕಟರ್ ಕೈಲಿ ಹಿಡೀರಿ, ನಾಯಿ ಹೆದರದೆ ನಿಂತ್ರೆ ಕ್ಲಿಕ್. ಪಾದ ಮುಟ್ಟಿ ಬಿಡಿ, ಕ್ಲಿಕ್. ಪಾದ ಹಿಡಿದು ಬಿಡಿ, ಕ್ಲಿಕ್. ಕಟರ್ ಉಗುರಿಗೆ ತಾಗಿಸಿ, ಕತ್ತರಿಸಬೇಡಿ, ಕ್ಲಿಕ್. ಒಂದು ದಿನ ಒಂದೇ ಉಗುರಿನ ತುದಿ ಕತ್ತರಿಸಿ ಪಾಠ ಮುಗಿಸಿಬಿಡಿ. ಕಾಲು ಹಿಂದಕ್ಕೆ ಎಳ್ಕೊಂಡ್ರೆ ಬಿಟ್ಬಿಡಿ, ಹಿಡಿದು ಎಳೀಬೇಡಿ, ಎಳ್ಕೊಂಡ್ರೆ ಬಿಡ್ತಾರೆ ಅಂತ ಗೊತ್ತಾದ ನಾಯಿ ಕಾಲು ಕೊಡೋಕೆ ಧೈರ್ಯ ಮಾಡುತ್ತೆ. ಕಪ್ಪು ಉಗುರಿನ ಒಳಗೆ ರಕ್ತನಾಳ ಕಾಣಲ್ಲ, ಅಂಥವಕ್ಕೆ ತೀರಾ ತುದಿ ಮಾತ್ರ. ಇಂಜೆಕ್ಷನ್‌ಗೆ ನಿಲ್ಲೋದು, ಕಿವಿಗೆ ಡ್ರಾಪ್ಸ್ ಹಾಕಿಸ್ಕೊಳ್ಳೋದು ಎಲ್ಲಾ ಇದೇ ಥರ ಚೂರು ಚೂರಾಗಿ.

ಒಂದು ವಿಷಯ ಮಾತ್ರ ಕ್ಲಿಕ್ಕರ್ ಕೈಯಲ್ಲಿ ಹಿಡ್ಕೊಂಡು ಮನೇಲೇ ಸರಿಮಾಡೋಕೆ ಹೋಗ್ಬೇಡಿ, ಅದು ಕಚ್ಚೋದು. ಇದ್ದಕ್ಕಿದ್ದಂಗೆ ಗುರ್ ಅನ್ನೋಕೆ ಶುರು ಮಾಡಿದ ನಾಯಿಗೆ ಹಲ್ಲೋ ಕಿವಿಯೋ ಸೊಂಟವೋ ನೋಯ್ತಿರಬಹುದು, ಮೊದಲು ಡಾಕ್ಟರು, ಆಮೇಲೆ ಹೊಡೆಯದೆ ಕಲಿಸೋ ಟ್ರೇನರ್. ಮನೇಲಿ ಎರಡು ನಾಯಿ ಇದ್ರೆ ಒಂದಕ್ಕೆ ಕಲಿಸುವಾಗ ಇನ್ನೊಂದು ಬಾಗಿಲ ಆಚೆ ಇರಲಿ, ಇಲ್ಲಾಂದ್ರೆ ಒಂದರ ಕ್ಲಿಕ್ಕಿಗೆ ಇನ್ನೊಂದು ಬಂದು ಬಾಯಿ ತೆರೆಯುತ್ತೆ.

ಜೀವನಪೂರ್ತಿ ಇದನ್ನ ಹಿಡ್ಕೊಂಡೇ ಓಡಾಡಬೇಕಾ ಅಂದ್ರೆ ಇಲ್ಲ. ಕ್ಲಿಕ್ಕರ್ ಹೊಸದು ಕಲಿಸೋಕೆ ಮಾತ್ರ. ಕೂರೋದು ಬಂತು ಅಂದ್ಮೇಲೆ ಕೂತಾಗ "ಭೇಷ್" ಅಂದು ಕುತ್ತಿಗೆ ಕೆರೆದ್ರೆ ಸಾಕು, ಆಗೊಮ್ಮೆ ಈಗೊಮ್ಮೆ ತಿಂಡಿ, ಯಾವ ಸಲ ಸಿಗುತ್ತೆ ಅಂತ ಗೊತ್ತಿಲ್ಲದಿದ್ರೆ ನಾಯಿ ಇನ್ನೂ ಚೆನ್ನಾಗಿ ಮಾಡುತ್ತೆ. ಆದ್ರೆ ತಿಂಡಿ ಪೂರ್ತಿ ನಿಲ್ಲಿಸ್ಬೇಡಿ, ಅದರಲ್ಲೂ "ಬಾ" ಅಂದಾಗ ಓಡಿ ಬಂದಿದ್ದಕ್ಕೆ ಕೊನೆವರೆಗೂ ಏನಾದ್ರೂ ಕೊಡ್ತಾನೇ ಇರಿ. ಕ್ಲಿಕ್ಕರ್‌ನ ಮಕ್ಕಳ ಕೈಗೆ ಸಿಗದ ಕಡೆ, ಬಾಗಿಲ ಹಿಂದಿನ ಮೊಳೆಗೆ ನಾಯಿ ಹಗ್ಗದ ಜೊತೆನೇ ನೇತುಹಾಕಿ, ತಿಂಡಿ ಪೌಚನ್ನ ಮಾತ್ರ ಇರುವೆ ಮುತ್ತದಂಗೆ ಫ್ರಿಜ್ಜಲ್ಲಿಡಿ.